ಕರೆಂಟ್ ಹೋಗಿ ಬಂದ ಮೇಲೆ ಕಂಪ್ಯೂಟರ್ ಆನ್ ಆಗುತ್ತಿಲ್ಲವೇ? ಗೋಡೆಯ ಪ್ಲಗ್‌ನಿಂದ ಹಾರ್ಡ್‌ಡಿಸ್ಕ್‌ವರೆಗೆ ಹಂತ ಹಂತದ ಪರೀಕ್ಷೆ

ಕೋಲಾರದ ಕಡೆ ಅಶ್ವಿನಿ, ಭರಣಿ ಮಳೆಯ ಕಾಲದಲ್ಲಿ ಹಗಲೆಲ್ಲ ಸೆಕೆ, ಸಂಜೆಗೆ ಗಾಳಿ ಗುಡುಗು. ಕರೆಂಟ್ ಹೋಗುತ್ತದೆ, ಬರುತ್ತದೆ, ಎರಡೇ ನಿಮಿಷಕ್ಕೆ ಮತ್ತೆ ಹೋಗುತ್ತದೆ. ಮರುದಿನ ಬೆಳಿಗ್ಗೆ ಹಾಲಿನ ಡೈರಿಯ ಸೆಕ್ರೆಟರಿ, ಟೊಮೆಟೊ ಮಂಡಿಯಲ್ಲಿ ಬಿಲ್ ಹಾಕುವ ಹುಡುಗ, ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯವರು ಎಲ್ಲರೂ ಹೇಳುವುದು ಒಂದೇ ಮಾತು: "ನಿನ್ನೆ ಚೆನ್ನಾಗೇ ಇತ್ತು ಸಾರ್, ಕರೆಂಟ್ ಹೋಗಿ ಬಂದ ಮೇಲೆ ಸಿಪಿಯು ಆನೇ ಆಗ್ತಿಲ್ಲ."

ಇಂಥ ಕಂಪ್ಯೂಟರ್‌ಗಳಲ್ಲಿ ಎಷ್ಟೋ ಕೆಟ್ಟೇ ಇರುವುದಿಲ್ಲ. ಯುಪಿಎಸ್ ಬ್ಯಾಟರಿ ಮುಗಿದಿರುತ್ತದೆ, ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದ ಸಣ್ಣ ವೋಲ್ಟೇಜ್‌ಗೆ ಇಳಿಸುವ ಡಬ್ಬಿ) ತನ್ನನ್ನು ತಾನೇ ಕಾಪಾಡಿಕೊಳ್ಳಲು ನಿಂತಿರುತ್ತದೆ, ಇಲ್ಲವೇ ಮದರ್‌ಬೋರ್ಡ್ (ಎಲ್ಲ ಭಾಗ ಕೂರುವ ಮುಖ್ಯ ಬೋರ್ಡ್) ಮೇಲಿನ ನಾಣ್ಯದಂಥ ಬ್ಯಾಟರಿ ಸೋತಿರುತ್ತದೆ. ಅದು ಗೊತ್ತಾಗುವ ಮೊದಲೇ ಒಂದೊಂದು ಭಾಗ ಬದಲಿಸುತ್ತಾ ಹೋದರೆ ದುಡ್ಡೂ ಹೋಗುತ್ತದೆ, ಕೆಲವೊಮ್ಮೆ ಚೆನ್ನಾಗಿದ್ದ ಹಾರ್ಡ್‌ಡಿಸ್ಕೂ ಹೋಗುತ್ತದೆ. ಆದ್ದರಿಂದ ಕರೆಂಟ್ ಯಾವ ದಾರಿಯಲ್ಲಿ ಒಳಗೆ ಬರುತ್ತದೋ ಅದೇ ದಾರಿ ಹಿಡಿದು ಹುಡುಕಿ. ಗೋಡೆ, ಯುಪಿಎಸ್, ಕೇಬಲ್, ಎಸ್‌ಎಂಪಿಎಸ್, ಬೋರ್ಡ್, ಕೊನೆಗೆ ಡಿಸ್ಕ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಆನ್ ಮಾಡಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗಿ.

ಮೊದಲು ಮೂಗು, ಕಣ್ಣು, ಕಿವಿ

ಬಟನ್ ಒತ್ತುವ ಮುಂಚೆ ಕ್ಯಾಬಿನೆಟ್ ಹಿಂಬದಿಗೆ ಮೂಗು ಹತ್ತಿರ ತನ್ನಿ. ಸುಟ್ಟ ವಾಸನೆ ಬಂದರೆ ಪ್ಲಗ್ ಕಿತ್ತು ಅಲ್ಲಿಗೇ ನಿಲ್ಲಿಸಿ. ಇನ್ನೊಮ್ಮೆ ಆನ್ ಮಾಡಿ ನೋಡೋಣ ಅನ್ನುವ ಆಸೆ ಬೇಡ. ಸುಟ್ಟ ಎಸ್‌ಎಂಪಿಎಸ್ ಎರಡನೇ ಸಲ ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು.

ಮನೆಯ ದೀಪಗಳನ್ನೂ ನೋಡಿ. ಬಲ್ಬು ಎಂದಿಗಿಂತ ಹೆಚ್ಚು ಬೆಳಗುತ್ತಿದೆಯೇ? ಫ್ಯಾನ್ ವಿಪರೀತ ಜೋರಾಗಿ ತಿರುಗುತ್ತಿದೆಯೇ? ಹಾಗಿದ್ದರೆ ಕಂಬದಲ್ಲೋ ಮೀಟರ್ ಬೋರ್ಡಿನಲ್ಲೋ ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಸಡಿಲವಾಗಿರುವ ಸಾಧ್ಯತೆ ಹೆಚ್ಚು. ನಮ್ಮ ಮನೆಗಳಿಗೆ ಬರಬೇಕಾದ್ದು 230 ವೋಲ್ಟ್. ಮೂರು ಫೇಸ್ ಲೈನಿನಲ್ಲಿ ನ್ಯೂಟ್ರಲ್ ಕಿತ್ತರೆ ಒಂದು ಮನೆಗೆ 300 ದಾಟಿ, ಪಕ್ಕದ ಮನೆಗೆ 150ಕ್ಕಿಂತ ಕೆಳಗೆ ಬರಬಹುದು. ಕೂಡಲೇ ಮೇನ್ ಆಫ್ ಮಾಡಿ, ಬೆಸ್ಕಾಂ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಅದು ಸರಿಯಾಗುವವರೆಗೆ ಕಂಪ್ಯೂಟರ್ ಪರೀಕ್ಷೆಯ ಮಾತೇ ಬೇಡ.

ಇಷ್ಟು ನೋಡಿದ ಮೇಲೆ ಒಂದೇ ಒಂದು ಸಲ ಬಟನ್ ಒತ್ತಿ, ಏನಾಗುತ್ತದೆ ಎಂದು ಗಮನಿಸಿ. ಜೀವವೇ ಇಲ್ಲದಿದ್ದರೆ ಮುಂದಿನ ಹಂತದಿಂದ ಶುರು ಮಾಡಿ. ಫ್ಯಾನ್ ಒಂದು ಸುತ್ತು ತಿರುಗಿ ನಿಂತರೆ ಎಲ್ಲೋ ಶಾರ್ಟ್ ಇದೆ. ಫ್ಯಾನ್ ತಿರುಗುತ್ತಲೇ ಇದ್ದು ಡಿಸ್‌ಪ್ಲೇ ಬರದಿದ್ದರೆ ರ‍್ಯಾಮ್ (ಕೆಲಸದ ಹೊತ್ತಿನ ನೆನಪಿನ ಪಟ್ಟಿ) ಮತ್ತು ಬೋರ್ಡಿನ ನಾಣ್ಯದಂಥ ಬ್ಯಾಟರಿಯ ಕಡೆ ಹೋಗಿ. ಕಂಪನಿಯ ಲೋಗೋ ಬಂದು ವಿಂಡೋಸ್ ಮಾತ್ರ ಬರದಿದ್ದರೆ ಸೀದಾ ಡಿಸ್ಕ್ ಭಾಗಕ್ಕೆ ಹೋಗಿ.

ಗೋಡೆಯಿಂದ ಕ್ಯಾಬಿನೆಟ್‌ವರೆಗೆ

ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ, ಚಾರ್ಜ್ ಆಗುತ್ತಿದೆ, ಕರೆಂಟ್ ಸರಿ ಇದೆ ಎಂದು ತೀರ್ಮಾನಿಸುವವರೇ ಹೆಚ್ಚು. ಆದರೆ ಮೊಬೈಲ್ ಚಾರ್ಜರ್ 100 ವೋಲ್ಟ್‌ನಿಂದ 240 ವೋಲ್ಟ್‌ವರೆಗೆ ಎಷ್ಟಿದ್ದರೂ ನಡೆಯುತ್ತದೆ. ಹಳೆಯ ಎಸ್‌ಎಂಪಿಎಸ್‌ಗೆ 180ಕ್ಕಿಂತ ಕಡಿಮೆಯಾದರೆ ಕಷ್ಟ. ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾಗುವ ಹೊತ್ತಿನಲ್ಲಿ ಹಳ್ಳಿಯ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಹಾಗೆ ಕುಸಿಯುವುದುಂಟು. ಮಲ್ಟಿಮೀಟರ್ ಇದ್ದರೆ ಎಸಿ 750 ವೋಲ್ಟ್ ಸ್ಥಾನಕ್ಕೆ ತಿರುಗಿಸಿ, ಪ್ರೋಬ್‌ಗಳ ಪ್ಲಾಸ್ಟಿಕ್ ಭಾಗ ಮಾತ್ರ ಹಿಡಿದು ಅಳೆಯಿರಿ. ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ಅಳೆಸಿ.

ಮುಂದೆ ಯುಪಿಎಸ್. ಬ್ಯಾಟರಿ ಪೂರ್ತಿ ಸತ್ತ ಮೇಲೆ ಕೆಲವು ಯುಪಿಎಸ್‌ಗಳು ಕರೆಂಟ್ ಬಂದರೂ ಆನ್ ಆಗುವುದಿಲ್ಲ, ಆದರೂ ಹೊರಗಿನಿಂದ ನೋಡಿದರೆ ಕಂಪ್ಯೂಟರೇ ಸತ್ತಂತೆ ಕಾಣುತ್ತದೆ. ಯುಪಿಎಸ್, ಸ್ಪೈಕ್ ಬಸ್ಟರ್, ಎಕ್ಸ್‌ಟೆನ್ಶನ್ ಬೋರ್ಡ್ ಎಲ್ಲ ಬಿಟ್ಟು ಸಿಪಿಯುವನ್ನು ನೇರವಾಗಿ ಗೋಡೆಯ ಮೂರು ಪಿನ್ ಸಾಕೆಟ್‌ಗೆ ಹಾಕಿ ನೋಡಿ. ಆನ್ ಆದರೆ ಕಂಪ್ಯೂಟರ್ ಚೆನ್ನಾಗಿದೆ, ದೋಷ ಬಿಟ್ಟ ಆ ಸಾಮಾನುಗಳಲ್ಲಿದೆ. ಒಂದೊಂದನ್ನೇ ಮತ್ತೆ ಹಾಕಿ ನೋಡಿ, ಯುಪಿಎಸ್ ಆದರೆ ಅದರ ಬ್ಯಾಟರಿ ಬದಲಿಸಿ.

ಆನ್ ಆಗದಿದ್ದರೆ ಮಾನಿಟರ್‌ನ ಪವರ್ ಕೇಬಲ್ ಬಿಚ್ಚಿ ಸಿಪಿಯುಗೆ ಹಾಕಿ. ಹೆಚ್ಚಿನ ಕಡೆ ಎರಡೂ ಒಂದೇ ನಮೂನೆಯವು. ಎಸ್‌ಎಂಪಿಎಸ್ ಹಿಂದೆ ಸೊನ್ನೆ ಮತ್ತು ಗೆರೆ ಗುರುತಿನ ಸ್ವಿಚ್ ಇದ್ದರೆ ಅದು ಗೆರೆಯ ಕಡೆ ಒತ್ತಿರಬೇಕು. ತುಂಬಾ ಹಳೆಯ ಎಸ್‌ಎಂಪಿಎಸ್‌ನಲ್ಲಿ 115, 230 ಎಂದು ಬರೆದ ಕೆಂಪು ಸ್ವಿಚ್ ಇರುತ್ತದೆ. ಅದನ್ನು ಎಂದಿಗೂ 115ಕ್ಕೆ ತಳ್ಳಬೇಡಿ. ನಮ್ಮ ಕರೆಂಟ್‌ಗೆ ಆ ಸ್ಥಾನದಲ್ಲಿ ಹಾಕಿದರೆ ಎಸ್‌ಎಂಪಿಎಸ್ ಆ ಕ್ಷಣವೇ ಸುಡುತ್ತದೆ.

ಉಳಿದ ಕರೆಂಟ್ ಇಳಿಸುವುದು

ದುಡ್ಡು ಖರ್ಚಿಲ್ಲದ ಈ ಹಂತವನ್ನು ದಯವಿಟ್ಟು ಬಿಡಬೇಡಿ. ಬೇರೇನೂ ಮಾಡದೆ ಇದೊಂದರಿಂದಲೇ ಎದ್ದು ಕೂತ ಕಂಪ್ಯೂಟರ್‌ಗಳು ಬಹಳ.

ಪವರ್ ಕೇಬಲ್ ಪೂರ್ತಿ ಕಿತ್ತುಹಾಕಿ. ಪ್ರಿಂಟರ್, ಪೆನ್‌ಡ್ರೈವ್, ಲ್ಯಾನ್ ಕೇಬಲ್, ಬೆರಳ ಗುರುತು ಓದುವ ಯಂತ್ರ ಎಲ್ಲ ಬಿಚ್ಚಿ. ಕೇಬಲ್ ಇಲ್ಲದಿರುವಾಗಲೇ ಪವರ್ ಬಟನ್ ಅನ್ನು ಮೂವತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಹತ್ತು ನಿಮಿಷ ಹಾಗೇ ಬಿಡಿ. ಆಮೇಲೆ ಪವರ್ ಕೇಬಲ್, ಮಾನಿಟರ್, ಕೀಬೋರ್ಡ್ ಮಾತ್ರ ಹಾಕಿ ಆನ್ ಮಾಡಿ.

ಕಾರಣ ಇಷ್ಟೇ. ಕಂಪ್ಯೂಟರ್ ಆಫ್ ಇದ್ದಾಗಲೂ ಎಸ್‌ಎಂಪಿಎಸ್ ಬೋರ್ಡಿಗೆ 5 ವೋಲ್ಟ್‌ನ ಒಂದು ಸ್ಟ್ಯಾಂಡ್‌ಬೈ ಲೈನ್ ಕೊಡುತ್ತಲೇ ಇರುತ್ತದೆ. ಕರೆಂಟ್ ಎರಡು ಮೂರು ಸಲ ಹೋಗಿ ಬಂದಾಗ ಎಸ್‌ಎಂಪಿಎಸ್ ಒಳಗಿನ ರಕ್ಷಣಾ ಸರ್ಕ್ಯೂಟ್ ಬೀಗ ಹಾಕಿಕೊಳ್ಳುತ್ತದೆ. ಮುಖ್ಯ ಕರೆಂಟ್ ಪೂರ್ತಿ ತಪ್ಪಿ, ಒಳಗಿನ ಕೆಪಾಸಿಟರ್‌ಗಳು (ಕರೆಂಟ್ ಹಿಡಿದಿಟ್ಟುಕೊಳ್ಳುವ ಬಿಡಿಭಾಗ) ಖಾಲಿಯಾಗುವವರೆಗೆ ಆ ಬೀಗ ತೆಗೆಯುವುದಿಲ್ಲ. ಗೋಡೆಯ ಸ್ವಿಚ್ ಆಫ್ ಮಾಡಿ ಐದು ಸೆಕೆಂಡ್‌ಗೆ ಆನ್ ಮಾಡಿದರೆ ಸಾಲದು.

ಈಗ ಆನ್ ಆಯಿತೆನ್ನಿ. ಬಿಚ್ಚಿದ್ದ ಸಾಮಾನುಗಳನ್ನು ಒಂದೊಂದಾಗಿ ಹಾಕುತ್ತಾ ಬನ್ನಿ. ಸಿಡಿಲು ಬಡಿದ ರಾತ್ರಿ ತಾಮ್ರದ ಲ್ಯಾನ್ ಕೇಬಲ್ ಮೂಲಕವೂ, ಪ್ರಿಂಟರ್ ಮೂಲಕವೂ ಹೊಡೆತ ಬಂದಿರಬಹುದು. ಯಾವುದನ್ನು ಹಾಕಿದಾಗ ಮತ್ತೆ ನಿಲ್ಲುತ್ತದೋ ಕಳ್ಳ ಅದೇ.

ಕ್ಯಾಬಿನೆಟ್ ಬಿಚ್ಚಿದಾಗ

ಕೇಬಲ್ ಕಿತ್ತು, ಸ್ಟಾರ್ ಸ್ಕ್ರೂಡ್ರೈವರ್‌ನಿಂದ ಎಡಬದಿಯ ಮುಚ್ಚಳ ತೆಗೆಯಿರಿ. ಒಳಗಿನ ಯಾವ ಭಾಗ ಮುಟ್ಟುವ ಮೊದಲೂ ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ, ಮೈಯ ಸ್ಥಿರ ವಿದ್ಯುತ್ ಇಳಿಯಲಿ. ನಮ್ಮ ಕಡೆ ಮೊದಲು ಕಣ್ಣಿಗೆ ಬೀಳುವುದು ಕೆಂಪು ಧೂಳು. ಜೊತೆಗೆ ಇರುವೆ ಗೂಡು, ಸತ್ತ ಹಲ್ಲಿ. ಹಲ್ಲಿ ಬೋರ್ಡ್ ಮೇಲೆ ಅಡ್ಡ ಬಿದ್ದು ಶಾರ್ಟ್ ಆಗಿರುವುದೂ ಇದೆ. ಬ್ರಷ್‌ನಿಂದಲೋ ಬ್ಲೋವರ್‌ನಿಂದಲೋ ಸ್ವಚ್ಛ ಮಾಡಿ, ಆದರೆ ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಗೆ ಬೆರಳು ಅಡ್ಡ ಕೊಡಿ. ಬೋರ್ಡ್ ಮೇಲಿನ ಸಣ್ಣ ಡಬ್ಬಿಯಂಥ ಕೆಪಾಸಿಟರ್‌ಗಳ ತಲೆ ಸಮತಟ್ಟಾಗಿರಬೇಕು. ಉಬ್ಬಿದ್ದರೆ, ಕಂದು ದ್ರವ ಸೋರಿದ್ದರೆ ಬೋರ್ಡ್ ಅಂಗಡಿಗೆ ಹೋಗಬೇಕಾದ್ದೇ.

ಈಗ ಮುಚ್ಚಳ ತೆಗೆದೇ ಕೇಬಲ್ ಹಾಕಿ, ಒಳಗೆ ಕೈ ಹಾಕದೆ ನೋಡಿ. ಅನೇಕ ಬೋರ್ಡ್‌ಗಳಲ್ಲಿ ಒಂದು ಸಣ್ಣ ದೀಪ ಹೊತ್ತುತ್ತದೆ. ಅದು ಹೊತ್ತಿದರೆ ಸ್ಟ್ಯಾಂಡ್‌ಬೈ ಕರೆಂಟ್ ಬರುತ್ತಿದೆ ಎಂದರ್ಥ. ದೀಪ ಇದ್ದೂ ಬಟನ್‌ಗೆ ಪ್ರತಿಕ್ರಿಯೆ ಇಲ್ಲದಿದ್ದರೆ ಬಟನ್ ಮೇಲೇ ಅನುಮಾನ ಪಡಿ. ಮುಂಭಾಗದಿಂದ ಬಂದ ಸಣ್ಣ ತಂತಿಗಳಲ್ಲಿ ಪವರ್ ಸ್ವಿಚ್ ಎಂದು ಬರೆದ ಜೋಡಿ ಕಿತ್ತು, ಆ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಸೇರಿಸಿ. ಬೋರ್ಡಿನ ಪುಸ್ತಕ ನೋಡಿ ಪಿನ್ ಖಚಿತ ಮಾಡಿಕೊಂಡೇ ಇದನ್ನು ಮಾಡಿ. ಕಂಪ್ಯೂಟರ್ ಎದ್ದರೆ ಕೆಟ್ಟಿರುವುದು ಬಟನ್ ಮಾತ್ರ. ರೀಸೆಟ್ ಬಟನ್‌ನ ತಂತಿಯನ್ನೇ ಆ ಪಿನ್‌ಗೆ ಹಾಕಿ ಕೆಲಸ ನಡೆಸಬಹುದು.

ಎಸ್‌ಎಂಪಿಎಸ್ ಪರೀಕ್ಷೆ

ಕರೆಂಟ್ ಏರುಪೇರಿನ ಮೊದಲ ಹೊಡೆತ ಬೀಳುವುದು ಇದಕ್ಕೆ. ಅದಕ್ಕೇ ಈ ಭಾಗವನ್ನು ನಿಧಾನವಾಗಿ ಓದಿ.

ಮೊದಲ ಎಚ್ಚರಿಕೆ: ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಒಳಗೆ 230 ವೋಲ್ಟ್ ಎಸಿ ಸುಮಾರು 325 ವೋಲ್ಟ್ ಡಿಸಿಯಾಗಿ ದೊಡ್ಡ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲ ಹೊತ್ತು ಇರುತ್ತದೆ. ಫ್ಯೂಸ್ ಹಾಕಿ ನೋಡೋಣ ಎಂದು ಬಿಚ್ಚಿದವರಿಗೆ ಹೊಡೆದಿರುವ ಶಾಕ್ ಸಣ್ಣದಲ್ಲ. ಫ್ಯೂಸ್ ಹೋಗಿದ್ದರೆ ಅದು ಹೋಗಲು ಒಳಗೆ ಬೇರೆ ಕಾರಣವೂ ಇರುತ್ತದೆ.

ಪ್ಲಗ್ ಕಿತ್ತು, ಎಸ್‌ಎಂಪಿಎಸ್‌ನಿಂದ ಬೋರ್ಡ್, ಡಿಸ್ಕ್, ಕಾರ್ಡ್‌ಗಳಿಗೆ ಹೋಗುವ ಎಲ್ಲ ಕನೆಕ್ಟರ್‌ಗಳನ್ನೂ ಬಿಡಿಸಿ. 24 ಪಿನ್‌ನ ದೊಡ್ಡ ಕನೆಕ್ಟರ್‌ನಲ್ಲಿ ಹಸಿರು ತಂತಿ ಒಂದೇ ಇರುತ್ತದೆ, ಅದರ ಎರಡೂ ಪಕ್ಕ ಕಪ್ಪು ತಂತಿ. ಪೇಪರ್ ಕ್ಲಿಪ್ ಅನ್ನು ಯು ಆಕಾರಕ್ಕೆ ಬಗ್ಗಿಸಿ ಹಸಿರಿಗೂ ಪಕ್ಕದ ಕಪ್ಪಿಗೂ ಚುಚ್ಚಿ, ಕೈ ತೆಗೆದು, ಆಮೇಲೆ ಗೋಡೆಯ ಸ್ವಿಚ್ ಹಾಕಿ. ಎಸ್‌ಎಂಪಿಎಸ್ ಫ್ಯಾನ್ ತಿರುಗಬೇಕು. ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಹೊರೆ ಇಲ್ಲದಾಗ ಫ್ಯಾನ್ ತಿರುಗುವುದೇ ಇಲ್ಲ, ಆಗ ಮೀಟರೇ ಹೇಳಬೇಕು. ತಂತಿಗಳೆಲ್ಲ ಕಪ್ಪು ಬಣ್ಣದವಾಗಿದ್ದರೆ ಆ ಮಾದರಿಯ ಪಿನ್ ಚಿತ್ರ ಸಿಗದೆ ಈ ಪರೀಕ್ಷೆಗೆ ಕೈ ಹಾಕಬೇಡಿ.

ಮೀಟರ್ ಅನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಕಪ್ಪು ಪ್ರೋಬ್ ಅನ್ನು ಕಪ್ಪು ತಂತಿಗೆ ಕೊಡಿ. ನೇರಳೆ ತಂತಿ ಸ್ಟ್ಯಾಂಡ್‌ಬೈ, ಕ್ಲಿಪ್ ಇಲ್ಲದೆಯೂ 5 ವೋಲ್ಟ್ ತೋರಿಸಬೇಕು. ಕ್ಲಿಪ್ ಹಾಕಿದ ಮೇಲೆ ಹಳದಿ 11.4ರಿಂದ 12.6, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47ರ ಒಳಗಿರಬೇಕು. ಗೋಡೆಯಲ್ಲಿ ಕರೆಂಟ್ ಇದ್ದೂ ನೇರಳೆಯಲ್ಲಿ ಸೊನ್ನೆ ಬಂದರೆ ಎಸ್‌ಎಂಪಿಎಸ್ ಹೋಗಿದೆ, ಅನುಮಾನ ಬೇಡ. ಎಲ್ಲವೂ ಸರಿ ಬಂದರೆ ಎಸ್‌ಎಂಪಿಎಸ್ ಪೂರ್ತಿ ಚೆನ್ನಾಗಿದೆ ಎಂದೇನೂ ಅಲ್ಲ. ಹೊರೆ ಬಿದ್ದಾಗ ಕುಸಿಯುವ ಎಸ್‌ಎಂಪಿಎಸ್ ಖಾಲಿ ಇದ್ದಾಗ ಸರಿಯಾಗೇ ತೋರಿಸುತ್ತದೆ. ಪರಿಚಯದವರ ಬಳಿ ಇನ್ನೊಂದು ಎಸ್‌ಎಂಪಿಎಸ್ ಸಿಕ್ಕರೆ ಹಾಕಿ ನೋಡುವುದೇ ಕೊನೆಯ ಮಾತು.

ಸೆಕೆಂಡ್‌ಹ್ಯಾಂಡ್‌ನಲ್ಲಿ ಬರುವ ಆಫೀಸ್ ಕಂಪ್ಯೂಟರ್‌ಗಳು ಈಗ ಅಂಗಡಿ, ಸಂಘಗಳಲ್ಲಿ ಬಹಳ ಇವೆ. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳ ಇಂಥ ಮಾದರಿಗಳಲ್ಲಿ ಎಷ್ಟೋ ಸಲ 24 ಪಿನ್ ಇರುವುದಿಲ್ಲ, ಕನೆಕ್ಟರ್ ಅವರದೇ ನಮೂನೆ. ಪೇಪರ್ ಕ್ಲಿಪ್ ಪರೀಕ್ಷೆ ಅವಕ್ಕೆ ಬೇಡ. ಡೆಲ್ ಆಪ್ಟಿಪ್ಲೆಕ್ಸ್‌ನ ಹಲವು ಮಾದರಿಗಳಲ್ಲಿ ಎಸ್‌ಎಂಪಿಎಸ್ ಹಿಂಬದಿಯಲ್ಲೇ ಪರೀಕ್ಷೆಗೆಂದು ಸಣ್ಣ ಬಟನ್, ಪಕ್ಕದಲ್ಲಿ ಹಸಿರು ದೀಪ ಇರುತ್ತದೆ. ಒತ್ತಿದರೆ ದೀಪ ಹೊತ್ತಬೇಕು. ಹೊಸದು ಕೊಳ್ಳುವಾಗ ಅದೇ ಮಾದರಿಯ ಎಸ್‌ಎಂಪಿಎಸ್ ಕೇಳಿ.

ಹೊಸ ಎಸ್‌ಎಂಪಿಎಸ್ ತಂದ ಮೇಲೆ ಎಲ್ಲವನ್ನೂ ಒಮ್ಮೆಗೇ ಜೋಡಿಸಬೇಡಿ. ಬೋರ್ಡ್, ಪ್ರೊಸೆಸರ್, ಒಂದು ರ‍್ಯಾಮ್, ಇಷ್ಟರಲ್ಲೇ ಆನ್ ಮಾಡಿ. ಸರಿ ಇದ್ದರೆ ಡಿಸ್ಕ್ ಸೇರಿಸಿ. ನಿಮ್ಮ ವರ್ಷಗಳ ಲೆಕ್ಕ ಇರುವ ಡಿಸ್ಕ್ ಕೊನೆಗೇ ಬರಲಿ.

ಫ್ಯಾನ್ ಒಂದು ಸುತ್ತು ತಿರುಗಿ ನಿಂತರೆ

ಕಾರ್ಡ್, ಡಿಸ್ಕ್, ಡಿವಿಡಿ ಡ್ರೈವ್, ಮುಂಭಾಗದ ಯುಎಸ್‌ಬಿ ತಂತಿ ಒಂದೊಂದಾಗಿ ಕಳಚುತ್ತಾ ಆನ್ ಮಾಡಿ. ಮುಂದಿನ ಯುಎಸ್‌ಬಿ ಕಿಂಡಿಯಲ್ಲಿ ಪಿನ್ ಬಾಗಿ ಶಾರ್ಟ್ ಆಗಿರುವುದು ಸಾಮಾನ್ಯ. ಎಲ್ಲ ಕಳಚಿದರೂ ನಿಲ್ಲುತ್ತಿದ್ದರೆ ಪ್ರೊಸೆಸರ್ ಹತ್ತಿರದ 4 ಅಥವಾ 8 ಪಿನ್ ಕನೆಕ್ಟರ್ ತೆಗೆದು ಒಮ್ಮೆ ನೋಡಿ. ಈಗ ಫ್ಯಾನ್ ನಿಲ್ಲದೆ ತಿರುಗಿದರೆ ಪ್ರೊಸೆಸರ್‌ಗೆ ವಿದ್ಯುತ್ ಕೊಡುವ ಭಾಗದಲ್ಲಿ ಶಾರ್ಟ್ ಇದೆ. ಅದು ಬೋರ್ಡ್ ರಿಪೇರಿಯವರ ಕೆಲಸ.

ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ

ಮಾನಿಟರ್ ಕೇಬಲ್ ಎರಡೂ ಕಡೆ ಬಿಗಿಯಾಗಿದೆಯೇ, ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದಕ್ಕೇ ಹಾಕಿದೆಯೇ ನೋಡಿ. ಆಮೇಲೆ ಪ್ಲಗ್ ಕಿತ್ತು ರ‍್ಯಾಮ್ ತೆಗೆಯಿರಿ. ಚಿನ್ನದ ಬಣ್ಣದ ಅಂಚನ್ನು ಬಿಳಿ ರಬ್ಬರ್‌ನಿಂದ ಮೃದುವಾಗಿ ಉಜ್ಜಿ, ಪುಡಿ ಒರೆಸಿ, ಎರಡೂ ತುದಿಯಲ್ಲಿ ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ ಬೇರೆ ಬೇರೆ ಸ್ಲಾಟ್‌ನಲ್ಲಿ ನೋಡಿ. ಬೋರ್ಡಿನ ಸ್ಪೀಕರ್ ಬಿಡದೆ ಕೂಗುತ್ತಿದ್ದರೆ ಬಹುತೇಕ ರ‍್ಯಾಮ್ ಸಮಸ್ಯೆ.

ಮುಂದಿನದು ಸಿಮಾಸ್ ಬ್ಯಾಟರಿ, ಅಂದರೆ ಬೋರ್ಡ್ ಮೇಲಿನ ಆ ನಾಣ್ಯದಂಥದ್ದು, ಸಿಆರ್2032, 3 ವೋಲ್ಟ್‌ನದು. ಇದು ಕರೆಂಟ್ ಹೋದ ಮೇಲೇ ಯಾಕೆ ಕೈ ಕೊಡುತ್ತದೆ? ಪ್ಲಗ್ ಹಾಕಿರುವಷ್ಟೂ ಹೊತ್ತು ಗಡಿಯಾರ ನಡೆಯುವುದು ಸ್ಟ್ಯಾಂಡ್‌ಬೈ ಕರೆಂಟ್‌ನಲ್ಲಿ. ಬ್ಯಾಟರಿ ಎಂದೋ ಸೋತಿದ್ದರೂ ತಿಳಿಯುವುದಿಲ್ಲ. ರಾತ್ರಿಯಿಡೀ ಕರೆಂಟ್ ಹೋದ ದಿನ ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಬೋರ್ಡಿನ ತಂತ್ರಾಂಶ) ನೆನಪಿಟ್ಟಿದ್ದ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಬ್ಯಾಟರಿ ತೆಗೆದು ಅಳೆಯಿರಿ, 2.8ಕ್ಕಿಂತ ಕಡಿಮೆ ಇದ್ದರೆ ಹೊಸದು ಹಾಕಿ. ಬ್ಯಾಟರಿ ಹೊರಗಿರುವ ಹತ್ತು ನಿಮಿಷದಲ್ಲಿ ಬಯಾಸ್ ತಾನೇ ಮೊದಲ ಸ್ಥಿತಿಗೆ ಬರುತ್ತದೆ.

ಇಲ್ಲೊಂದು ಮಾತು ನೆನಪಿರಲಿ. ವಿಂಡೋಸ್ 11 ಇರುವ ಹೊಸ ಕಂಪ್ಯೂಟರ್‌ಗಳಲ್ಲಿ ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಇರಬಹುದು. ಬಯಾಸ್ ಮೊದಲ ಸ್ಥಿತಿಗೆ ಹೋದಾಗ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದವರಿಗೆ ಅದು ಆ ಖಾತೆಯಲ್ಲಿ ಸಿಗುತ್ತದೆ. ಬ್ಯಾಟರಿ ತೆಗೆಯುವ ಮೊದಲೇ ಮೊಬೈಲ್‌ನಲ್ಲಿ ಖಾತೆ ತೆರೆದು ಕೀ ಬರೆದಿಟ್ಟುಕೊಳ್ಳಿ.

ಡಿಡಿಆರ್5 ರ‍್ಯಾಮ್ ಇರುವ ಕಂಪ್ಯೂಟರ್ ಇದಾದ ಮೇಲೆ ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆಯಲ್ಲೇ ಇರುತ್ತದೆ. ಗಾಬರಿಯಾಗಿ ಆಫ್ ಮಾಡಬೇಡಿ.

ಲೋಗೋ ಬರುತ್ತದೆ, ವಿಂಡೋಸ್ ಬರುವುದಿಲ್ಲ

ಬಯಾಸ್‌ಗೆ ಹೋಗಿ ತಾರೀಖು ನೋಡಿ. ತಪ್ಪಿದ್ದರೆ ಸರಿ ಮಾಡಿ, ಇಲ್ಲದಿದ್ದರೆ ಮುಂದೆ ವೆಬ್‌ಸೈಟ್‌ಗಳು ತೆರೆಯುವುದಿಲ್ಲ, ಮಂಡಿ ಬಿಲ್ಲುಗಳು ಹಳೇ ತಾರೀಖಿನಲ್ಲಿ ಕೂರುತ್ತವೆ. ಡಿಸ್ಕ್ ಹೆಸರು ಅಲ್ಲಿ ಕಾಣುತ್ತಿದೆಯೇ? ಕಂಡರೂ ಬೂಟ್ ಆಗದಿದ್ದರೆ ಎರಡು ಸೆಟ್ಟಿಂಗ್ ಬದಲಾಗಿರಬಹುದು: ಬೂಟ್ ಮೋಡ್ ಯುಇಎಫ್‌ಐ ಇದ್ದದ್ದು ಲೆಗಸಿ ಆಗಿರುವುದು ಅಥವಾ ಅದರ ಉಲ್ಟಾ, ಸಾಟಾ (ಡಿಸ್ಕ್ ಜೋಡಣೆಯ) ಮೋಡ್ ಎಎಚ್‌ಸಿಐ ಇದ್ದದ್ದು ರೇಡ್ ಆಗಿರುವುದು. ನೀಲಿ ಪರದೆಯ ಮೇಲೆ ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್ ಎಂದು ಬಂದರೆ ಸಾಟಾ ಮೋಡ್ ಬದಲಿಸಿ ನೋಡಿ. ವಿಂಡೋಸ್ ಮತ್ತೆ ಹಾಕಿಸಿ ಎನ್ನುವವರ ಮಾತು ಕೇಳುವ ಮೊದಲು ಇದನ್ನು ನೋಡಲೇಬೇಕು.

ಡಿಸ್ಕ್ ಕಾಣದಿದ್ದರೆ ಸಾಟಾ ಕೇಬಲ್ ಬದಲಿಸಿ. ಹಾರ್ಡ್‌ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಒಂದೇ ಸಮ ಬರುತ್ತಿದ್ದರೆ ಆಫ್ ಮಾಡಿಬಿಡಿ. ಪ್ರತಿ ಸಲ ಆನ್ ಮಾಡಿದಾಗಲೂ ಒಳಗಿನ ಮಾಹಿತಿ ಇನ್ನಷ್ಟು ಹಾಳಾಗುತ್ತದೆ. ಸದ್ದಿಲ್ಲದೆ ಡಿಸ್ಕ್ ಕಂಡರೆ, ರಿಪೇರಿಗೂ ಮುಂಚೆ ಕಡತಗಳನ್ನು ನಕಲು ಮಾಡಿ. ಡಿಸ್ಕ್ ಬಿಚ್ಚಿ ಇನ್ನೊಂದು ಕಂಪ್ಯೂಟರ್‌ಗೆ ಹಾಕಬಹುದು, ಪೆನ್‌ಡ್ರೈವ್‌ನಿಂದ ನಡೆಯುವ ಲಿನಕ್ಸ್‌ನಲ್ಲೂ ಮಾಡಬಹುದು. ನಕಲು ಕೈಗೆ ಬಂದ ಮೇಲೆ ವಿಂಡೋಸ್‌ನ ಸ್ಟಾರ್ಟಪ್ ರಿಪೇರಿ ನಡೆಸಿ. ವಿಂಡೋಸ್ ಬಂದ ಕೂಡಲೇ ಸಿ ಡ್ರೈವ್‌ನ ಪ್ರಾಪರ್ಟೀಸ್, ಟೂಲ್ಸ್, ಚೆಕ್ ಒತ್ತಿ ಡಿಸ್ಕ್ ಪರೀಕ್ಷೆ ಮುಗಿಸಿ. ಟ್ಯಾಲಿ ಬಳಸುವವರು ರೀರೈಟ್ ಅಥವಾ ರಿಪೇರಿ ಒತ್ತುವ ಮೊದಲು ಡೇಟಾ ಫೋಲ್ಡರ್ ಬೇರೆಡೆ ಇಟ್ಟುಕೊಳ್ಳಿ.

ಇಷ್ಟರಲ್ಲಿ ಯಾವುದಕ್ಕೂ ಬಗ್ಗದಿದ್ದರೆ ಬೋರ್ಡ್ ಅಥವಾ ಪ್ರೊಸೆಸರ್ ಹೋಗಿದೆ. ಅಂಗಡಿಗೆ ಕೊಡುವಾಗ ಡಿಸ್ಕ್ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ. ಬೋರ್ಡ್ ಪರೀಕ್ಷೆಗೆ ಅದು ಬೇಕಿಲ್ಲ. ನೀವು ಮಾಡಿದ ಪರೀಕ್ಷೆ, ಮೀಟರ್ ತೋರಿಸಿದ ಅಂಕಿ ಒಂದು ಚೀಟಿಯಲ್ಲಿ ಬರೆದುಕೊಡಿ, ಕೆಲಸ ಬೇಗ ಆಗುತ್ತದೆ.

ಮುಂದಿನ ಮಳೆಗೆ ಮುಂಚೆ

ಕಂಪ್ಯೂಟರನ್ನು ಕೊಲ್ಲುವುದು ಹೆಚ್ಚಾಗಿ ಕರೆಂಟ್ ಹೋಗುವ ಗಳಿಗೆಯಲ್ಲ, ಬರುವ ಗಳಿಗೆ. ಆ ಲೈನಿನ ಫ್ರಿಜ್, ಮೋಟಾರುಗಳೆಲ್ಲ ಒಟ್ಟಿಗೆ ಎಳೆದಾಗ ವೋಲ್ಟೇಜ್ ಕುಸಿಯುತ್ತದೆ, ಏರುತ್ತದೆ. ಕರೆಂಟ್ ಹೋದ ಕೂಡಲೇ ಗೋಡೆಯ ಸ್ವಿಚ್ ಆಫ್ ಮಾಡಿ. ಬಂದು ಐದು ನಿಮಿಷ ನಿಂತ ಮೇಲೆ ಹಾಕಿ. ಗುಡುಗು ಕೇಳಿದರೆ ಪ್ಲಗ್ಗನ್ನೂ ಲ್ಯಾನ್ ಕೇಬಲನ್ನೂ ಕಿತ್ತೇ ಇಡಿ, ಸಿಡಿಲಿನ ಮುಂದೆ ಸ್ಪೈಕ್ ಬಸ್ಟರ್ ಏನೂ ಅಲ್ಲ. ಬಯಾಸ್‌ನಲ್ಲಿ ಕರೆಂಟ್ ಬಂದಾಗ ಏನಾಗಬೇಕು ಎನ್ನುವ ಸೆಟ್ಟಿಂಗ್ ಇರುತ್ತದೆ, ಅದನ್ನು ಪವರ್ ಆಫ್‌ಗೆ ಇಡಿ, ತಾನಾಗೇ ಆನ್ ಆಗುವುದು ಬೇಡ.

ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಹಾಕಬೇಡಿ. ತಿಂಗಳಿಗೊಮ್ಮೆ ಕೆಲಸ ಸೇವ್ ಮಾಡಿ ಯುಪಿಎಸ್ ಪ್ಲಗ್ ಕಿತ್ತು ನೋಡಿ. ಐದು ನಿಮಿಷವೂ ನಿಲ್ಲದಿದ್ದರೆ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ ಬದಲಿಸುವ ಹೊತ್ತು ಬಂದಿದೆ. ಮನೆಯ ಇನ್ವರ್ಟರ್‌ನಲ್ಲೇ ನಡೆಸುವವರು ಅದರ ಹಿಂದಿನ ಸ್ವಿಚ್ ಅನ್ನು ಯುಪಿಎಸ್ ಮೋಡ್‌ಗೆ ಹಾಕಿ.

ಕೊನೆಗೆ ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಅರ್ಥ್ ಇಲ್ಲದಾಗ ಕ್ಯಾಬಿನೆಟ್ಟನ್ನು ಸುಮಾರು 115 ವೋಲ್ಟ್‌ವರೆಗೆ ಏರಿಸುತ್ತವೆ. ಅದೇ ಆ ಜುಮ್. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ನೀರು ಅನುಮಾನವಾದ ನಮ್ಮ ಕಲ್ಲು ನೆಲದಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗಿ ಕೆಲಸ ನಿಲ್ಲಿಸುತ್ತದೆ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಗುಂಡಿಗೆ ಆಗಾಗ ನೀರು ಹಾಕಿ. ಎಲೆಕ್ಟ್ರಿಷಿಯನ್ ಬಂದಾಗ ಕಂಪ್ಯೂಟರ್ ಸಾಕೆಟ್‌ನಲ್ಲೇ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಅಳೆಸಿ. ಎರಡು ಮೂರು ವೋಲ್ಟ್ ದಾಟಿದರೆ ಗುಂಡಿ ತೆಗೆಸಿ ಇದ್ದಿಲು ಉಪ್ಪು ತುಂಬಿಸಿ, ಸಡಿಲ ಜೋಡಣೆ ಬಿಗಿ ಮಾಡಿಸಿ, ಮತ್ತೆ ಅಳೆಸಿ.